ಗ್ಲುಟನ್ ತಪ್ಪು ಯಾವುದು, ಕಾರ್ಬ್ಸ್ ತಪ್ಪು ಯಾವುದು

2025ರ ಅಕ್ಟೋಬರ್‌ನಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಗ್ಲುಟನ್, ಅಂದ್ರೆ ಗೋಧಿಯಲ್ಲಿರೋ ಜಿಗುಟು ಪ್ರೋಟೀನಿನ ಬಗ್ಗೆ ಒಂದು ದೊಡ್ಡ ವಿಮರ್ಶೆ ಬಂತು. ಗ್ಲುಟನ್ ತಿಂದ್ರೆ ಕರುಳು ಸವೆಯೋ ಸೀಲಿಯಾಕ್ ಅನ್ನೋ ಕಾಯಿಲೆ ಇಲ್ಲದೇ ಇದ್ರೂ ಗ್ಲುಟನ್ ನಮಗೆ ಆಗಿಬರಲ್ಲ ಅನ್ನೋರು ಜಗತ್ತಿನಲ್ಲಿ ಹೆಚ್ಚುಕಮ್ಮಿ ನೂರಕ್ಕೆ ಹತ್ತು ಜನ ಇದ್ದಾರೆ, ಆದ್ರೆ ಅವರಲ್ಲಿ ಬಹಳಷ್ಟು ಜನಕ್ಕೆ ತೊಂದರೆ ಕೊಡ್ತಿರೋದು ಗ್ಲುಟನ್ ಅಲ್ಲ ಅನ್ನೋದು ಅದರ ಸಾರ. ಇದನ್ನ ಓದಿ ಕೆಲವರು ಹಾಗಾದ್ರೆ ಇದೆಲ್ಲಾ ಬರೀ ಭ್ರಮೆ ಅಂತ ತೀರ್ಮಾನ ಮಾಡಿಬಿಟ್ರು, ಗೋಧಿ ಬಿಟ್ಟ ಮೇಲೆ ನಿಜವಾಗಲೂ ಹೊಟ್ಟೆ ಸರಿಹೋದವರು ಹಾಗಾದ್ರೆ ನಾವು ಸುಳ್ಳು ಹೇಳ್ತಿದೀವಾ ಅಂತ ನೊಂದುಕೊಂಡ್ರು. ಇವರಿಬ್ಬರ ಓದೂ ಸರಿ ಅಲ್ಲ.

ಕಾರ್ಬ್ಸ್, ಅಂದ್ರೆ ಕಾರ್ಬೋಹೈಡ್ರೇಟ್ ವಿಷಯದಲ್ಲಿ ಗೊಂದಲ ಇನ್ನೂ ಹಳೇದು. 2017ರಲ್ಲಿ ಒಂದು ದೊಡ್ಡ ಅಧ್ಯಯನ ಬಂದು ಕಾರ್ಬ್ಸ್ ಜಾಸ್ತಿ ತಿನ್ನೋರಲ್ಲಿ ಸಾವು ಜಾಸ್ತಿ ಅಂತು, ಮರುವರ್ಷವೇ ಇನ್ನೊಂದು ಬಂದು ಕಾರ್ಬ್ಸ್ ತೀರಾ ಕಮ್ಮಿ ತಿನ್ನೋರಲ್ಲೂ ಸಾವು ಜಾಸ್ತಿ ಅಂತು. ಈ ಎರಡೂ ಜಗಳ ಸೇರಿಕೊಂಡು ಈಗ ಎಷ್ಟೋ ಜನರ ತಲೇಲಿ ಗ್ಲುಟನ್ ಬಿಡೋದು ಕಾರ್ಬ್ಸ್ ಬಿಡೋದು ಎರಡೂ ಒಂದೇ ಅನ್ನೋ ಹಾಗಾಗಿದೆ. ಒಂದೇ ಅಲ್ಲ. ಬೇರೆ ಬೇರೆ ಬಿಡಿಸಿ ನೋಡಿದ್ರೆ ಅರ್ಧ ಗೊಂದಲ ಅಲ್ಲೇ ಕರಗತ್ತೆ, ಉಳಿದ ಅರ್ಧಕ್ಕೆ ಕೇಳಬೇಕಾದ್ದು ಇಷ್ಟು: ಊಟದಿಂದ ಒಂದನ್ನ ತೆಗೆದಾಗ ಅದರ ಜೊತೆ ಏನೇನು ಹೋಯ್ತು, ಆ ಜಾಗಕ್ಕೆ ಏನು ಬಂತು?

## ಒಂದು ಪ್ರೋಟೀನು, ಇನ್ನೊಂದು ಅಲ್ಲ

ಗೋಧಿ ಹಿಟ್ಟಿನ ಉಂಡೆಯನ್ನ ನೀರಲ್ಲಿ ಹಿಸುಕಿ ಹಿಸುಕಿ ತೊಳೀತಾ ಹೋದ್ರೆ ಬಿಳೀ ಪಿಷ್ಟ ಎಲ್ಲಾ ಹರಿದುಹೋಗಿ ಕೊನೆಗೆ ಕೈಯಲ್ಲಿ ರಬ್ಬರ್ ಥರ ಜಿಗುಟು ಮುದ್ದೆ ಉಳಿಯತ್ತೆ, ಅದೇ ಗ್ಲುಟನ್. 18ನೇ ಶತಮಾನದಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಬೆಕ್ಕಾರಿ ಅನ್ನೋ ವಿಜ್ಞಾನಿ ಹೀಗೇ ಅದನ್ನ ಬೇರೆ ಮಾಡಿ ತೋರಿಸಿದ್ದು. ಹರಿದುಹೋದ ಬಿಳೀ ನೀರಲ್ಲಿದ್ದಿದ್ದು ಕಾರ್ಬ್ಸ್, ಕೈಯಲ್ಲಿ ಉಳಿದಿದ್ದು ಪ್ರೋಟೀನು. ಗ್ಲಿಯಾಡಿನ್, ಗ್ಲುಟೆನಿನ್ ಅನ್ನೋ ಎರಡು ಬಗೆ ಪ್ರೋಟೀನು ನೀರು ಸಿಕ್ಕಿದ ತಕ್ಷಣ ಒಂದಕ್ಕೊಂದು ಹೆಣೆದುಕೊಂಡು ಬಲೆ ಥರ ಆಗತ್ತೆ, ಯೀಸ್ಟ್ ಬಿಡೋ ಗ್ಯಾಸು ಆ ಬಲೇಲಿ ಸಿಕ್ಕಿಕೊಳ್ಳೋದ್ರಿಂದಲೇ ಬ್ರೆಡ್ಡು ಉಬ್ಬೋದು. ಬಾರ್ಲಿ ಮತ್ತು ರೈ ಅನ್ನೋ ಧಾನ್ಯದಲ್ಲೂ ಇದರ ದಾಯಾದಿ ಪ್ರೋಟೀನುಗಳಿವೆ. ಅಕ್ಕಿ, ಜೋಳ, ಮೆಕ್ಕೆಜೋಳ, ಆಲೂಗಡ್ಡೆ, ಬೇಳೆಕಾಳು ಇವುಗಳಲ್ಲಿ ಇಲ್ಲ.

ಕಾರ್ಬ್ಸ್ ಅಂದ್ರೆ ಸಕ್ಕರೆ, ಪಿಷ್ಟ, ನಾರು ಮೂರೂ ಸೇರಿದ ದೊಡ್ಡ ಗುಂಪು. ಹಾಗಾಗಿ ಒಂದು ತಟ್ಟೆ ಅನ್ನದಲ್ಲಿ ಕಾರ್ಬ್ಸ್ ತುಂಬಿರತ್ತೆ, ಗ್ಲುಟನ್ ಸೊನ್ನೆ. ತಂಪು ಪಾನೀಯದ ಬಾಟಲೀಲಿ ಸಕ್ಕರೆ ಬೇಕಾದಷ್ಟು, ಗ್ಲುಟನ್ ಅಲ್ಲೂ ಸೊನ್ನೆ. ಎರಡೂ ಒಂದೇ ಅನ್ನಿಸೋಕೆ ಕಾರಣ ಗೋಧಿ, ಯಾಕಂದ್ರೆ ಅದರಲ್ಲಿ ಎರಡೂ ಒಟ್ಟಿಗೇ ಬರತ್ತೆ, ಗೋಧಿ ಬಿಟ್ಟವರು ಎರಡನ್ನೂ ಒಂದೇ ದಿನ ಬಿಟ್ಟಿರ್ತಾರೆ, ಆಮೇಲೆ ಆರಾಮಾದ್ರೆ ಯಾವುದರಿಂದ ಅಂತ ಹೇಳೋದು ಹೇಗೆ?

## 1924ರಲ್ಲಿ ತಪ್ಪು ಬಿದ್ದಿದ್ದು ಕಾರ್ಬ್ಸ್ ಮೇಲೆ

ಈ ತಪ್ಪು ಗುರುತು ಇವತ್ತಿನದಲ್ಲ. ಮಕ್ಕಳು ಹೊಟ್ಟೆ ಊದಿಕೊಂಡು, ನಿಲ್ಲದ ಭೇದಿಯಾಗಿ, ಬೆಳವಣಿಗೆ ನಿಂತು ಸೊರಗಿ ಹೋಗೋ ಸೀಲಿಯಾಕ್ ಕಾಯಿಲೆಯನ್ನ ಲಂಡನ್ನಿನ ಡಾಕ್ಟರ್ ಸ್ಯಾಮ್ಯುಯೆಲ್ ಗೀ 1888ರಲ್ಲೇ ವಿವರವಾಗಿ ಬರೆದಿದ್ರು, ಊಟ ಬದಲಾಯಿಸೋದ್ರಿಂದಲೇ ಇದು ವಾಸಿಯಾಗಬೇಕು ಅಂತಲೂ ಅವರಿಗೆ ಅನ್ನಿಸಿತ್ತು, ಆದ್ರೆ ಊಟದಲ್ಲಿ ಯಾವುದು ಅಂತ ಗೊತ್ತಿರಲಿಲ್ಲ. 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಇಂಥ ಮಕ್ಕಳಿಗೆ ಬ್ರೆಡ್ಡು, ಧಾನ್ಯ, ಆಲೂಗಡ್ಡೆ ಎಲ್ಲಾ ನಿಲ್ಲಿಸಿ ಬಾಳೆಹಣ್ಣಿನ ಪಥ್ಯ ಕೊಟ್ರು, ಮಕ್ಕಳು ಚೇತರಿಸಿಕೊಂಡ್ರು. ಕಾಯಿಲೆಗೆ ಕಾರಣ ಕಾರ್ಬ್ಸ್, ಬಾಳೆಹಣ್ಣಿನ ಕಾರ್ಬ್ಸ್ ಮಾತ್ರ ಈ ಮಕ್ಕಳಿಗೆ ಹೊಂದತ್ತೆ ಅನ್ನೋದು ಹಾಸ್ ಮಾಡಿಕೊಂಡ ಅರ್ಥ. ಚಿಕಿತ್ಸೆ ಕೆಲಸ ಮಾಡಿತು, ವಿವರಣೆ ತಪ್ಪಾಗಿತ್ತು. ಧಾನ್ಯದ ಜೊತೆ ಗ್ಲುಟನ್ ಕೂಡ ಹೋಗಿತ್ತು, ಅದನ್ನ ಯಾರೂ ನೋಡಿರಲಿಲ್ಲ.

ಸರಿಯಾದ ಉತ್ತರ ಬಂದಿದ್ದು ನೆದರ್ಲೆಂಡ್ಸಿನಿಂದ. ಅಲ್ಲಿಯ ಮಕ್ಕಳ ಡಾಕ್ಟರ್ ವಿಲೆಮ್ ಕಾರೆಲ್ ಡಿಕೆ ಅವರಿಗೆ ಗೋಧಿ ಮೇಲೆ ಮೊದಲಿಂದ ಅನುಮಾನ ಇತ್ತು. ಎರಡನೇ ಮಹಾಯುದ್ಧದ ಕೊನೇಲಿ, 1944-45ರ ಚಳಿಗಾಲದಲ್ಲಿ ಆ ದೇಶದಲ್ಲಿ ಘೋರ ಬರಗಾಲ ಬಂದು ಬ್ರೆಡ್ಡು ಸಿಗದೇ ಹೋದಾಗ ಈ ಮಕ್ಕಳು ಮಾತ್ರ ಸುಧಾರಿಸಿದ್ದು ಆ ಅನುಮಾನಕ್ಕೆ ಬಲ ಕೊಡ್ತು. ಆದ್ರೆ ಡಿಕೆ ಅಷ್ಟಕ್ಕೇ ನಿಲ್ಲಿಸಲಿಲ್ಲ, ಈ ಕಥೇಲಿ ಮುಖ್ಯವಾದ ಭಾಗ ಅದೇ ಅಂತ ನನಗನ್ನಿಸತ್ತೆ. ಯುದ್ಧ ಮುಗಿದ ಮೇಲೆ ಗೋಧಿಯನ್ನ ತೆಗೆದು ನೋಡಿದ್ರು, ವಾಪಸ್ ಕೊಟ್ಟು ನೋಡಿದ್ರು, ಬೇರೆ ಧಾನ್ಯ ಕೊಟ್ಟು ನೋಡಿದ್ರು, ಪ್ರತಿ ಸಲ ಮಲದಲ್ಲಿ ಎಷ್ಟು ಕೊಬ್ಬು ಜೀರ್ಣವಾಗದೇ ಹೋಗ್ತಿದೆ ಅಂತ ಅಳತೆ ಮಾಡಿಸಿದ್ರು, 1950ರಲ್ಲಿ ಅದನ್ನೇ ಪ್ರಬಂಧವಾಗಿ ಬರೆದ್ರು. ಆಮೇಲಿನ ಕೆಲಸದಲ್ಲಿ ಗೋಧಿಯ ಪಿಷ್ಟದಿಂದ ತೊಂದರೆ ಇಲ್ಲ, ಗ್ಲುಟನ್ ಭಾಗದಿಂದಲೇ ತೊಂದರೆ ಅನ್ನೋದು ಸ್ಪಷ್ಟವಾಯ್ತು. ತೆಗೆಯೋದು ಅರ್ಧ ಪರೀಕ್ಷೆ, ಒಂದೊಂದನ್ನೇ ವಾಪಸ್ ಕೊಟ್ಟು ನೋಡೋದು ಉಳಿದರ್ಧ. ಈಗ ನಡೀತಿರೋ ವಾದಗಳಲ್ಲಿ ಬಹುಪಾಲು ಮೊದಲರ್ಧಕ್ಕೇ ನಿಂತುಬಿಟ್ಟಿವೆ.

## ಗ್ಲುಟನ್ ನಿಜವಾಗಲೂ ವಿಷ ಆಗೋದು ಯಾರಿಗೆ

ಸೀಲಿಯಾಕ್ ಇರೋರಿಗೆ, ಇದರಲ್ಲಿ ಎರಡು ಮಾತಿಲ್ಲ. ಗ್ಲುಟನ್‌ನ ಕೆಲವು ತುಣುಕುಗಳನ್ನ ನಮ್ಮ ಜೀರ್ಣರಸಗಳು ಪೂರ್ತಿ ಕತ್ತರಿಸೋಕೆ ಆಗಲ್ಲ, ಇದು ಎಲ್ಲರಲ್ಲೂ ಹಾಗೇ, ಬಹಳ ಜನರಿಗೆ ಅದರಿಂದ ಏನೂ ಆಗಲ್ಲ. ಆದ್ರೆ ಸೀಲಿಯಾಕ್ ಇರೋರ ಕರುಳಲ್ಲಿ ಒಂದು ಕಿಣ್ವ ಆ ತುಣುಕನ್ನ ಸ್ವಲ್ಪ ಬದಲಾಯಿಸತ್ತೆ, ಡಿಕ್ಯೂ2 ಅಥವಾ ಡಿಕ್ಯೂ8 ಅನ್ನೋ ಜೀನ್ ರೂಪ ಇರೋರಲ್ಲಿ ರೋಗನಿರೋಧಕ ಜೀವಕೋಶಗಳು ಅದನ್ನ ಶತ್ರು ಅಂತ ತಿಳ್ಕೊಂಡು ದಾಳಿ ಶುರುಮಾಡ್ತವೆ, ಆ ದಾಳೀಲಿ ಸಣ್ಣ ಕರುಳಿನ ಒಳಗೋಡೆ ಮೇಲೆ ಆಹಾರ ಹೀರೋಕೆ ಅಂತಲೇ ಇರೋ ಬೆರಳಿನಂಥ ಎಳೆಗಳು ಸವೆದು ಚಪ್ಪಟೆ ಆಗ್ತವೆ. ಎಳೆ ಸವೆದ ಮೇಲೆ ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಯಾವುದೂ ಸರಿಯಾಗಿ ಒಳಗೆ ಹೋಗಲ್ಲ. ಅದಕ್ಕೇ ಕೆಲವರಲ್ಲಿ ಹೊಟ್ಟೆಯ ತೊಂದರೆಯೇ ಕಾಣಲ್ಲ, ಎಷ್ಟು ಮಾತ್ರೆ ನುಂಗಿದ್ರೂ ಏರದ ರಕ್ತಹೀನತೆ, ಸವೆದ ಮೂಳೆ, ಮಕ್ಕಳಾದ್ರೆ ಬೆಳೆಯದ ಎತ್ತರ, ಇಷ್ಟೇ ಕಾಣೋದು.

ಜನಸಂಖ್ಯೇಲಿ ಸುಮಾರು ನೂರಕ್ಕೆ ಒಬ್ಬರಿಗೆ ಈ ಕಾಯಿಲೆ ಇದೆ, ಅವರಲ್ಲಿ ಬಹಳ ಜನಕ್ಕೆ ತಮಗಿದೆ ಅಂತ ಗೊತ್ತಿಲ್ಲ. ಆ ಜೀನ್ ಮಾತ್ರ ಮೂರರಲ್ಲಿ ಒಬ್ಬರಿಗಿಂತ ಕಮ್ಮಿ ಇಲ್ಲದ ಹಾಗೆ ಹರಡಿದೆ, ಜೀನ್ ಇದ್ದ ಮಾತ್ರಕ್ಕೆ ಕಾಯಿಲೆ ಬರಲ್ಲ, ಬರೋದು ಅದರಲ್ಲಿ ತೀರಾ ಸ್ವಲ್ಪ ಜನಕ್ಕೆ. ಗೋಧಿ ಅಲರ್ಜಿ ಇದಕ್ಕಿಂತ ಬೇರೆ, ತಿಂದ ನಿಮಿಷಗಳಲ್ಲೋ ಒಂದೆರಡು ಗಂಟೇಲೋ ತುರಿಕೆ, ಊತ, ಉಸಿರಾಟದ ತೊಂದರೆ ಬರೋ ಅಲರ್ಜಿ ಅದು.

## ಟೆಸ್ಟಿಗೆ ಮುಂಚೆ ಬಿಡಬೇಡಿ

ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳೋದಾದ್ರೆ ಇದನ್ನ ಇಟ್ಟುಕೊಳ್ಳಿ. ಸೀಲಿಯಾಕ್ ಪತ್ತೆ ಮಾಡೋ ಬ್ಲಡ್ ಟೆಸ್ಟು ಹುಡುಕೋದು ಗ್ಲುಟನ್‌ಗೆ ಉತ್ತರವಾಗಿ ದೇಹ ತಯಾರು ಮಾಡಿದ ಆಂಟಿಬಾಡಿಗಳನ್ನ. ಗ್ಲುಟನ್ ಬಿಟ್ಟು ತಿಂಗಳುಗಟ್ಟಲೆ ಆದ ಮೇಲೆ ಆಂಟಿಬಾಡಿ ಇಳಿದಿರತ್ತೆ, ಕರುಳು ಕೂಡ ವಾಸಿಯಾಗ್ತಾ ಬಂದಿರತ್ತೆ, ಆಗ ಟೆಸ್ಟ್ ಮಾಡಿಸಿದ್ರೆ ಕಾಯಿಲೆ ಇದ್ರೂ ರಿಪೋರ್ಟು ನಾರ್ಮಲ್ ಬರಬಹುದು. ಆಮೇಲೆ ಖಚಿತ ಮಾಡ್ಕೋಬೇಕು ಅಂದ್ರೆ ಡಾಕ್ಟರ ನಿಗಾದಲ್ಲಿ ವಾರಗಟ್ಟಲೆ ಮತ್ತೆ ಗ್ಲುಟನ್ ತಿನ್ನಬೇಕಾಗತ್ತೆ, ಕಾಯಿಲೆ ಇರೋರಿಗೆ ಅದು ನರಕ. ಜೀನ್ ಟೆಸ್ಟಿನಿಂದ ಒಂದು ಉಪಯೋಗ ಇದೆ, ಆ ಎರಡೂ ಜೀನ್ ರೂಪ ಇಲ್ಲ ಅಂತಾದ್ರೆ ಸೀಲಿಯಾಕ್ ಬಹುತೇಕ ಇಲ್ಲ ಅಂತಲೇ ಅರ್ಥ, ಆದ್ರೆ ಇದೆ ಅಂದ ಮಾತ್ರಕ್ಕೆ ಕಾಯಿಲೆ ಇದೆ ಅಂತಲ್ಲ.

ಗೊತ್ತಾಗದೇ ಉಳಿದ್ರೆ ಏನಾಯ್ತು, ಹೇಗೂ ಬಿಟ್ಟಿದೀವಲ್ಲ ಅನ್ನಬಹುದು. ವ್ಯತ್ಯಾಸ ಇದೆ. ಸುಮ್ಮನೆ ಬಿಟ್ಟವರು ಆಗೊಮ್ಮೆ ಈಗೊಮ್ಮೆ ತಿಂತಾರೆ, ಸಾಸಿನಲ್ಲೋ ಸೂಪಿನಲ್ಲೋ ಸೇರಿರೋ ಚೂರು ಹಿಟ್ಟಿನ ಬಗ್ಗೆ ತಲೆ ಕೆಡಿಸ್ಕೊಳ್ಳಲ್ಲ. ಸೀಲಿಯಾಕ್ ಇದ್ರೆ ಆ ಚೂರೂ ಕರುಳನ್ನ ಸವೆಸತ್ತೆ. ಅಂತರರಾಷ್ಟ್ರೀಯ ಮಾನದಂಡದಲ್ಲಿ ಗ್ಲುಟನ್ ಫ್ರೀ ಅಂತ ಬರೆಯೋಕೆ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಮೀರಬಾರದು ಅಂತ ಇಟ್ಟಿರೋದು ಇದಕ್ಕೇ. ಅಪ್ಪ ಅಮ್ಮ, ಒಡಹುಟ್ಟಿದವರು, ಮಕ್ಕಳಿಗೂ ಕಾಯಿಲೆ ಇರೋ ಸಾಧ್ಯತೆ ಬೇರೆಯವರಿಗಿಂತ ಹಲವು ಪಟ್ಟು ಜಾಸ್ತಿ, ಒಬ್ಬರಲ್ಲಿ ಹೆಸರಿಟ್ಟು ಪತ್ತೆ ಮಾಡಿದ್ರೆ ಮನೆಯವರೂ ಟೆಸ್ಟ್ ಮಾಡಿಸ್ಕೋಬಹುದು.

## ಸೀಲಿಯಾಕ್ ಇಲ್ಲ, ಆದ್ರೂ ಹೊಟ್ಟೆ ಕೆಡತ್ತೆ

ನಿಜವಾದ ವಾದ ಇರೋದು ಇಲ್ಲಿ. ಟೆಸ್ಟ್ ನಾರ್ಮಲ್, ಆದ್ರೂ ಬ್ರೆಡ್ಡೋ ಪಾಸ್ತಾನೋ ತಿಂದ್ರೆ ಹೊಟ್ಟೆ ಉಬ್ಬರ, ನೋವು, ಸುಸ್ತು. ಆಸ್ಟ್ರೇಲಿಯಾದ ಮೊನಾಶ್ ಯೂನಿವರ್ಸಿಟಿಯ ಪೀಟರ್ ಗಿಬ್ಸನ್ ತಂಡ 2011ರಲ್ಲಿ ಇಂಥ 34 ಜನರಿಗೆ ಗೊತ್ತಾಗದ ಹಾಗೆ ಗ್ಲುಟನ್ ಇರೋ, ಇಲ್ಲದ ಬ್ರೆಡ್ಡು ಕೊಟ್ಟು ನೋಡಿತು, ಗ್ಲುಟನ್ ತಿಂದವರಿಗೆ ತೊಂದರೆ ಜಾಸ್ತಿ ಆಯ್ತು. ಸೀಲಿಯಾಕ್ ಇಲ್ಲದವರಿಗೂ ಗ್ಲುಟನ್ ಕೆಟ್ಟದ್ದು ಅನ್ನೋರಿಗೆ ಈ ಅಧ್ಯಯನ ದೊಡ್ಡ ಆಧಾರ ಆಯ್ತು.

ಆದ್ರೆ ಅದೇ ತಂಡ ಅಲ್ಲಿಗೆ ಬಿಡಲಿಲ್ಲ. 2013ರಲ್ಲಿ 37 ಜನರಿಗೆ ಮೊದಲು ಫಾಡ್‌ಮ್ಯಾಪ್ ಕಮ್ಮಿ ಇರೋ ಊಟ ಕೊಟ್ಟು ಹೊಟ್ಟೆಯನ್ನ ಶಾಂತ ಮಾಡಿಕೊಂಡು, ಆಮೇಲೆ ಗ್ಲುಟನ್ ಜಾಸ್ತಿ, ಗ್ಲುಟನ್ ಕಮ್ಮಿ, ಗ್ಲುಟನ್ ಇಲ್ಲ ಅಂತ ಮೂರು ಬಗೆ ಊಟ ಸರದಿ ಮೇಲೆ ಕೊಟ್ರು. ಫಾಡ್‌ಮ್ಯಾಪ್ ಅಂದ್ರೆ ಸಣ್ಣ ಕರುಳಲ್ಲಿ ಸರಿಯಾಗಿ ಹೀರಿಕೊಳ್ಳದೇ ದೊಡ್ಡ ಕರುಳಿಗೆ ಹೋಗಿ ಅಲ್ಲಿ ಹುಳಿತು ಗ್ಯಾಸ್ ಮಾಡೋ ಚಿಕ್ಕ ಚಿಕ್ಕ ಕಾರ್ಬ್ಸ್‌ಗಳ ಗುಂಪು. ಆ ಊಟದಲ್ಲಿ ಎಲ್ಲರೂ ಆರಾಮಾದ್ರು, ಆಮೇಲೆ ಮೂರರಲ್ಲಿ ಯಾವುದು ಕೊಟ್ರೂ ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ ಥರ ತೊಂದರೆ ಹೇಳಿದ್ರು, ಗ್ಲುಟನ್ ಇಲ್ಲದ್ದು ಕೊಟ್ಟಾಗಲೂ. ತಾವೇ ಹೇಳಿದ ಮಾತನ್ನ ತಾವೇ ಇನ್ನೂ ಕಟ್ಟುನಿಟ್ಟಾಗಿ ಪರೀಕ್ಷೆ ಮಾಡಿ ಬದಲಾಯಿಸಿಕೊಂಡ ಈ ತಂಡದ ಬಗ್ಗೆ ನನಗೆ ತುಂಬಾ ಗೌರವ ಇದೆ.

2018ರಲ್ಲಿ ನಾರ್ವೆಯಲ್ಲಿ ನಡೆದ ಪರೀಕ್ಷೆ ಇನ್ನೂ ನೇರ. ಗ್ಲುಟನ್ ಆಗಲ್ಲ ಅಂತ ಬಿಟ್ಟಿದ್ದ 59 ಜನಕ್ಕೆ ನೋಡೋಕೆ, ತಿನ್ನೋಕೆ ಒಂದೇ ಥರ ಇರೋ ಮೂಸ್ಲಿ ಬಾರು ಅನ್ನೋ ಧಾನ್ಯದ ತಿಂಡಿ ಕೊಟ್ರು, ಒಂದರಲ್ಲಿ ಗ್ಲುಟನ್, ಇನ್ನೊಂದರಲ್ಲಿ ಫ್ರಕ್ಟಾನ್ ಅನ್ನೋ ಫಾಡ್‌ಮ್ಯಾಪ್ ಗುಂಪಿನ ಕಾರ್ಬ್, ಮೂರನೇದರಲ್ಲಿ ಎರಡೂ ಇಲ್ಲ. ಗ್ಲುಟನ್ ತಿಂದಾಗ ಅತಿ ಹೆಚ್ಚು ತೊಂದರೆ ಆದವರು 13 ಜನ, ಫ್ರಕ್ಟಾನ್ ತಿಂದಾಗ 24, ಏನೂ ಇಲ್ಲದ್ದನ್ನ ತಿಂದಾಗ 22. ಗೋಧೀಲಿ ಗ್ಲುಟನ್ ಪಕ್ಕದಲ್ಲೇ ಫ್ರಕ್ಟಾನೂ ಇದೆ, ಈರುಳ್ಳಿ ಬೆಳ್ಳುಳ್ಳೀಲಿ ಇನ್ನೂ ಜಾಸ್ತಿ ಇದೆ. ಗೋಧಿ ಬಿಟ್ಟವರಿಗೆ ಆರಾಮಾಗಿದ್ದು ಸುಳ್ಳಲ್ಲ, ಆದ್ರೆ ಅವರಲ್ಲಿ ಎಷ್ಟೋ ಜನಕ್ಕೆ ಆರಾಮ ಕೊಟ್ಟಿದ್ದು ಫ್ರಕ್ಟಾನ್ ಕಮ್ಮಿ ಆಗಿದ್ದು. 1924ರಲ್ಲಿ ಗ್ಲುಟನ್ ಮಾಡಿದ ತಪ್ಪನ್ನ ಕಾರ್ಬ್ಸ್ ಮೇಲೆ ಹಾಕಿದ್ರು, ಈಗ ಒಂದು ಕಾರ್ಬ್ ಮಾಡಿದ್ದನ್ನ ಗ್ಲುಟನ್ ಮೇಲೆ ಹಾಕ್ತಿದೀವಿ.

ಇನ್ನು ಆ 22 ಜನ. ಏನೂ ಇಲ್ಲದ ಬಾರು ತಿಂದು ತೊಂದರೆ ಆಗಿದ್ದು ನಾಟಕ ಅಲ್ಲ, ಮಿದುಳು ಮತ್ತು ಕರುಳಿನ ಮಧ್ಯೆ ನರಗಳ ಸಂಪರ್ಕ ಅಷ್ಟು ಗಟ್ಟಿ ಇದೆ, ಈಗ ನೋವು ಬರತ್ತೆ ಅಂತ ಕಾಯ್ತಾ ಕೂತ್ರೆ ಕರುಳಿನ ಸಾಮಾನ್ಯ ಅಲುಗಾಟವೂ ನೋವಾಗಿ ತಿಳಿಯತ್ತೆ. 2023ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಗ್ಲುಟನ್ ಇದೆ ಅಂತ ಹೇಳಿ ನಿಜವಾಗಲೂ ಗ್ಲುಟನ್ ಕೊಟ್ಟ ಗುಂಪಿಗೆ ತೊಂದರೆ ಜಾಸ್ತಿ ಆಯ್ತು, ಗ್ಲುಟನ್ ಇಲ್ಲ ಅಂತ ಹೇಳಿದ ಗುಂಪಿಗೆ ನಿಜವಾಗಿ ಗ್ಲುಟನ್ ಕೊಟ್ಟಾಗಲೂ ಅಷ್ಟು ಆಗಲಿಲ್ಲ. ಇದನ್ನ ಕೇಳಿ ಹಾಗಾದ್ರೆ ಎಲ್ಲಾ ಮನಸ್ಸೇ ಅಂತ ನೋವಿರೋರನ್ನ ತಳ್ಳಿಹಾಕೋದು ಅನ್ಯಾಯ, ಯಾಕಂದ್ರೆ ಆ ನೋವು ಅವರಿಗೆ ಪೂರ್ತಿ ನಿಜ, ಮತ್ತೆ ಗ್ಲುಟನ್‌ಗೇ ಸ್ಪಂದಿಸೋ ಒಂದು ಚಿಕ್ಕ ಗುಂಪು ಇದೆ ಅನ್ನೋದನ್ನ 2025ರ ವಿಮರ್ಶೆ ಕೂಡ ಒಪ್ಪಿಕೊಂಡಿದೆ.

## ಗ್ಲುಟನ್ ಫ್ರೀ ಬಿಸ್ಕತ್ತು ಕೂಡ ಬಿಸ್ಕತ್ತೇ

ಏನೂ ತೊಂದರೆ ಇಲ್ಲದವರು ಹೆಲ್ದಿ ಅಂತ ಬಿಟ್ರೆ? ಅಮೆರಿಕದಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಆರೋಗ್ಯ ಕ್ಷೇತ್ರದ ಉದ್ಯೋಗಿಗಳ ಊಟವನ್ನ 26 ವರ್ಷ ಗಮನಿಸಿದ ಅಧ್ಯಯನ 2017ರಲ್ಲಿ ಬಂತು, ಗ್ಲುಟನ್ ಜಾಸ್ತಿ ತಿನ್ನೋದಕ್ಕೂ ಹೃದ್ರೋಗಕ್ಕೂ ಸಂಬಂಧ ಕಾಣಲಿಲ್ಲ. ಬದಲಿಗೆ ಗ್ಲುಟನ್ ಬಿಡೋ ಭರದಲ್ಲಿ ತೌಡು ತೆಗೆಯದ ಇಡೀ ಧಾನ್ಯಗಳನ್ನೂ ಬಿಟ್ರೆ ಹೃದಯಕ್ಕೆ ಸಿಗೋ ಲಾಭವೂ ಹೋಗಬಹುದು ಅಂತ ಅವರು ಎಚ್ಚರಿಸಿದ್ರು. ಆಟಗಾರರಲ್ಲೂ ಅಷ್ಟೇ, ಸೀಲಿಯಾಕ್ ಇಲ್ಲದ 13 ಸೈಕಲ್ ಸ್ಪರ್ಧಿಗಳ ಮೇಲೆ 2015ರಲ್ಲಿ ನಡೆದ ಪರೀಕ್ಷೇಲಿ ಗ್ಲುಟನ್ ಬಿಟ್ಟಿದ್ದಕ್ಕೆ ವೇಗವೂ ಹೆಚ್ಚಲಿಲ್ಲ ಹೊಟ್ಟೆಯೂ ಸುಧಾರಿಸಲಿಲ್ಲ. ಗ್ಲುಟನ್ ತೆಗೆದಾಗ ಹೋಗೋ ಜಿಗುಟನ್ನ ತುಂಬಿಕೊಡೋಕೆ ಕಾರ್ಖಾನೆಗಳು ಪಿಷ್ಟ, ಸಕ್ಕರೆ, ಕೊಬ್ಬು, ಗೋಂದು ಸೇರಿಸ್ತವೆ, ನಾರು ಸಾಮಾನ್ಯವಾಗಿ ಕಮ್ಮಿ ಇರತ್ತೆ.

## ಈಗ ಕಾರ್ಬ್ಸ್: ಇನ್ಸುಲಿನ್ ವಾದ

ಕಾರ್ಬ್ಸ್ ಕೆಟ್ಟದ್ದು ಅನ್ನೋರ ಹಿಂದೆ ಒಂದು ಗಂಭೀರವಾದ ವಾದ ಇದೆ, ಅದನ್ನ ಸರಿಯಾಗಿ ಕೇಳಿಸಿಕೊಳ್ಳಬೇಕು. ಕಾರ್ಬ್ಸ್ ತಿಂದ್ರೆ ರಕ್ತದಲ್ಲಿ ಗ್ಲುಕೋಸ್ ಏರತ್ತೆ, ಅದಕ್ಕೆ ಇನ್ಸುಲಿನ್ ಏರತ್ತೆ, ಇನ್ಸುಲಿನ್ ಶಕ್ತಿಯನ್ನ ಕೊಬ್ಬಿನ ಕೋಶಗಳಿಗೆ ತುಂಬತ್ತೆ, ಹಾಗಾಗಿ ಬೇರೆ ಅಂಗಗಳಿಗೆ ಶಕ್ತಿ ಸಾಲದೇ ಬೇಗ ಹಸಿವಾಗತ್ತೆ, ಅಂದ್ರೆ ಜಾಸ್ತಿ ತಿಂದು ದಪ್ಪ ಆಗ್ತಿಲ್ಲ, ಕೊಬ್ಬು ಶೇಖರ ಆಗ್ತಿರೋದ್ರಿಂದ ಜಾಸ್ತಿ ತಿಂತಿದೀವಿ ಅನ್ನೋದು ಹಾರ್ವರ್ಡಿನ ಡೇವಿಡ್ ಲುಡ್ವಿಗ್ ಮುಂತಾದವರ ನಿಲುವು. ಎದುರು ಪಕ್ಷದಲ್ಲಿ ಕೆವಿನ್ ಹಾಲ್ ಮುಂತಾದವರು ಇದ್ದಾರೆ, ಒಟ್ಟು ಎಷ್ಟು ಶಕ್ತಿ ಒಳಗೆ ಹೋಗತ್ತೆ ಅನ್ನೋದೇ ಮುಖ್ಯ, ಅದನ್ನ ನಿರ್ಧರಿಸೋದು ಬರೀ ಇನ್ಸುಲಿನ್ ಅಲ್ಲ, ಮಿದುಳು ಮತ್ತು ಸುತ್ತ ಸಿಗೋ ಆಹಾರದ ಸ್ವರೂಪ ಅಂತ ಅವರ ವಾದ.

ಹಾಲ್ ಇದನ್ನ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದಾಗ 20 ಜನರನ್ನ ನಾಲ್ಕು ವಾರ ಅಲ್ಲೇ ಉಳಿಸಿಕೊಂಡು ಪರೀಕ್ಷೆ ಮಾಡಿದ್ರು, 2021ರಲ್ಲಿ ಫಲಿತಾಂಶ ಬಂತು. ಎರಡು ವಾರ ಕಾರ್ಬ್ಸ್ ತೀರಾ ಕಮ್ಮಿ, ಎರಡು ವಾರ ಕೊಬ್ಬು ತೀರಾ ಕಮ್ಮಿ, ಬೇಕಾದಷ್ಟು ತಿನ್ನಬಹುದು. ಕಾರ್ಬ್ಸ್ ಜಾಸ್ತಿ ಇದ್ದ ಎರಡು ವಾರ ಇನ್ಸುಲಿನ್ ಜಾಸ್ತಿ ಇತ್ತು ನಿಜ, ಆದ್ರೆ ಜನ ದಿನಕ್ಕೆ ಸುಮಾರು 690 ಕ್ಯಾಲೊರಿ ಕಮ್ಮಿ ತಿಂದ್ರು, ಮೈಯ ಕೊಬ್ಬು ಇಳಿದಿದ್ದೂ ಅದರಲ್ಲೇ. ಇನ್ಸುಲಿನ್ ವಾದದ ಪ್ರಕಾರ ಉಲ್ಟಾ ಆಗಬೇಕಿತ್ತು. ಎರಡು ವಾರ ಸಾಕಾಗಲ್ಲ, ದೇಹ ಹೊಂದಿಕೊಳ್ಳೋಕೆ ಸಮಯ ಬೇಕು ಅನ್ನೋ ಆಕ್ಷೇಪ ಇದೆ, ಅದರಲ್ಲಿ ಅರ್ಥವೂ ಇದೆ.

ದೀರ್ಘಾವಧಿಗೆ ನೋಡೋದಾದ್ರೆ ಸ್ಟ್ಯಾನ್‌ಫರ್ಡಿನ ಕ್ರಿಸ್ಟೋಫರ್ ಗಾರ್ಡ್ನರ್ ತಂಡ 609 ಜನರನ್ನ ಒಂದು ವರ್ಷ ಎರಡು ಗುಂಪಾಗಿ ನೋಡಿದ್ದು 2018ರಲ್ಲಿ ಬಂತು. ಕೊಬ್ಬು ಕಮ್ಮಿ ಮಾಡಿದವರು ಸರಾಸರಿ 5.3 ಕಿಲೋ ಇಳಿದ್ರು, ಕಾರ್ಬ್ಸ್ ಕಮ್ಮಿ ಮಾಡಿದವರು 6 ಕಿಲೋ, ಲೆಕ್ಕಕ್ಕೆ ತಗೊಳ್ಳೋ ಅಂಥ ವ್ಯತ್ಯಾಸ ಅಲ್ಲ. ಎರಡೂ ಗುಂಪಿಗೆ ತರಕಾರಿ ಜಾಸ್ತಿ ತಿನ್ನಿ, ಸಕ್ಕರೆ ಮೈದಾ ಬಿಡಿ ಅಂತ ಹೇಳಿದ್ರು, ನನ್ನ ಪ್ರಕಾರ ತೂಕ ಇಳಿಸಿದ್ದು ಎರಡರಲ್ಲೂ ಸಮಾನವಾಗಿದ್ದ ಈ ಭಾಗವೇ.

ಮೊದಲ ವಾರದಲ್ಲೇ ಎರಡು ಕಿಲೋ ಇಳೀತಲ್ಲ ಅನ್ನೋದಕ್ಕೆ ಕಾರಣ ಬೇರೆ. ದೇಹ ಸ್ವಲ್ಪ ಕಾರ್ಬ್ಸನ್ನ ಗ್ಲೈಕೋಜೆನ್ ಅಂತ ಲಿವರ್ರು ಮತ್ತು ಸ್ನಾಯುಗಳಲ್ಲಿ ಕೂಡಿಡತ್ತೆ, ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಇರತ್ತೆ, ಕಾರ್ಬ್ಸ್ ನಿಲ್ಲಿಸಿದಾಗ ಅದು ಖರ್ಚಾಗಿ ನೀರೂ ಹೋಗತ್ತೆ. ತಕ್ಕಡಿ ತೋರಿಸೋದು ಅದನ್ನ, ಮತ್ತೆ ಮಾಮೂಲಿ ಊಟ ಮಾಡಿದ ಕೂಡಲೇ ಅದು ವಾಪಸ್ ಬರತ್ತೆ, ಆಗ ಜನ ನೋಡಿ ಕಾರ್ಬ್ಸ್ ತಿಂದ ತಕ್ಷಣ ದಪ್ಪ ಆದೆ ಅಂತ ಹೆದರ್ತಾರೆ.

## ಎರಡು ಅಧ್ಯಯನ ಹೇಳಿದ್ದೇನು

ಮೊದಲು ಹೇಳಿದ 2017ರ ಅಧ್ಯಯನದಲ್ಲಿ 18 ದೇಶಗಳ 1,35,335 ಜನ ಇದ್ದರು. ಅದರಲ್ಲಿ ಕಾರ್ಬ್ಸ್ ಅತಿ ಹೆಚ್ಚು ತಿನ್ನೋ ಗುಂಪು ಅಂದ್ರೆ ಶಕ್ತಿಯ ಮುಕ್ಕಾಲು ಪಾಲಿಗಿಂತ ಜಾಸ್ತಿಯನ್ನ ಕಾರ್ಬ್ಸ್‌ನಿಂದಲೇ ಪಡೆಯೋರು. ಯಾರು ಹಾಗೆ ತಿನ್ನೋದು? ಬಹುತೇಕ ಬೇರೆ ಏನೂ ಕೊಳ್ಳೋಕಾಗದ ಬಡವರು. ಬಡತನಕ್ಕೆ ತನ್ನದೇ ಸಾವುಗಳಿವೆ, ಲೆಕ್ಕದಲ್ಲಿ ಅದನ್ನ ಸರಿದೂಗಿಸೋಕೆ ನೋಡಿದ್ರೂ ಪೂರ್ತಿ ಬೇರ್ಪಡಿಸೋದು ಕಷ್ಟ. 2018ರದು ಅಮೆರಿಕದ 15,428 ಜನರನ್ನ ಸುಮಾರು 25 ವರ್ಷ ಹಿಂಬಾಲಿಸಿದ್ದು, ಅದರಲ್ಲಿ ಶಕ್ತಿಯ ಅರ್ಧದಷ್ಟು, ಅಂದ್ರೆ ಶೇಕಡಾ 50ರಿಂದ 55 ಕಾರ್ಬ್ಸ್‌ನಿಂದ ಬರೋರಲ್ಲಿ ಸಾವು ಎಲ್ಲಕ್ಕಿಂತ ಕಮ್ಮಿ, ಶೇಕಡಾ 40ರ ಕೆಳಗೂ 70ರ ಮೇಲೂ ಜಾಸ್ತಿ. ಅದರಲ್ಲಿ ತಲೆಬರಹಕ್ಕೆ ಬಾರದ ಭಾಗ ನೋಡಿ: ಕಾರ್ಬ್ಸ್ ತೆಗೆದ ಜಾಗಕ್ಕೆ ಮಾಂಸದ ಕೊಬ್ಬು, ಪ್ರೋಟೀನು ತಂದವರಲ್ಲಿ ಸಾವು ಹೆಚ್ಚಿತು, ಕಾಳು, ಬೀಜ, ತರಕಾರಿ ತಂದವರಲ್ಲಿ ಕಮ್ಮಿ ಆಯ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದ್ರೆ ಅಷ್ಟೊಂದು ವಿರೋಧ ಕಾಣಲ್ಲ, ತೀರಾ ಜಾಸ್ತಿ ಅನ್ನೋದು ಎರಡರಲ್ಲೂ ಕೆಟ್ಟದ್ದೇ.

## ಯಾವ ಕಾರ್ಬ್

ಇಡೀ ಕಾಳಿನಲ್ಲಿ ಪಿಷ್ಟ ಜೀವಕೋಶದ ಗೋಡೆಯೊಳಗೆ ಬಂದಿಯಾಗಿರತ್ತೆ, ಜೀರ್ಣರಸ ಒಳಗೆ ನುಗ್ಗೋಕೆ ಸಮಯ ಬೇಕು, ಗ್ಲುಕೋಸ್ ನಿಧಾನಕ್ಕೆ ಏರತ್ತೆ. ನುಣ್ಣಗೆ ಬೀಸಿ ತೌಡು ತೆಗೆದ ಮೇಲೆ ಗೋಡೆಯೂ ಇಲ್ಲ ನಾರೂ ಇಲ್ಲ, ಅದೇ ಪಿಷ್ಟ ಒಮ್ಮೆಲೇ ರಕ್ತಕ್ಕೆ ಬರತ್ತೆ. ನಾರು ಇದ್ರೆ ಅದು ದೊಡ್ಡ ಕರುಳಿಗೆ ಹೋಗಿ ಅಲ್ಲಿಯ ಬ್ಯಾಕ್ಟೀರಿಯಾಗಳಿಗೆ ಊಟ ಆಗತ್ತೆ, ಅವು ಬಿಡೋ ಬ್ಯುಟಿರೇಟ್ ಅನ್ನೋ ಆಮ್ಲ ಕರುಳಿನ ಗೋಡೆಗೇ ಆಹಾರ. 2019ರಲ್ಲಿ ನ್ಯೂಜಿಲೆಂಡಿನ ಜಿಮ್ ಮನ್ ತಂಡ 185 ಅಧ್ಯಯನ ಮತ್ತು 58 ಪ್ರಯೋಗಗಳನ್ನ ಒಟ್ಟು ಮಾಡಿ ನೋಡಿದಾಗ ನಾರು ಜಾಸ್ತಿ ತಿನ್ನೋರಲ್ಲಿ ಒಟ್ಟು ಸಾವು, ಹೃದ್ರೋಗ, ಶುಗರ್, ಕರುಳಿನ ಕ್ಯಾನ್ಸರ್ ಶೇಕಡಾ 15ರಿಂದ 30 ಕಮ್ಮಿ ಇತ್ತು, ದಿನಕ್ಕೆ 25ರಿಂದ 29 ಗ್ರಾಂ ಇದ್ರೆ ಒಳ್ಳೇದು ಅಂತ ಕಂಡಿತು. ನಾರು ಕೂಡ ಕಾರ್ಬೇ, ಕಾರ್ಬ್ಸ್ ಪೂರ್ತಿ ಬಿಟ್ಟವರು ಇದನ್ನೂ ಬಿಟ್ಟಿರ್ತಾರೆ. ಡಬ್ಲ್ಯುಎಚ್‌ಒ 2023ರ ಮಾರ್ಗಸೂಚೀಲಿ ಎಷ್ಟು ಕಾರ್ಬ್ಸ್ ಅನ್ನೋದಕ್ಕಿಂತ ಎಂಥ ಕಾರ್ಬ್ಸ್ ಅನ್ನೋದಕ್ಕೇ ಒತ್ತು ಕೊಟ್ಟಿದ್ದು, ಇಡೀ ಧಾನ್ಯ, ತರಕಾರಿ, ಹಣ್ಣು, ಬೇಳೆಕಾಳಿನಿಂದ ಬರಲಿ ಅಂದಿದ್ದು ಇದಕ್ಕೇ.

ಇನ್ನೊಂದು ಪ್ರಯೋಗ ಇಲ್ಲಿಗೆ ಸೇರಬೇಕು. ಹಾಲ್ 2019ರಲ್ಲಿ ಕಾರ್ಬ್ಸ್, ಸಕ್ಕರೆ, ಕೊಬ್ಬು, ನಾರು ಎಲ್ಲಾ ಸಮ ಮಾಡಿ ಒಂದು ಕಡೆ ಕಾರ್ಖಾನೇಲಿ ತಯಾರಾದ ತಿಂಡಿ, ಇನ್ನೊಂದು ಕಡೆ ಅಡುಗೆ ಮಾಡಿದ ಊಟ ಬಡಿಸಿದಾಗ ಜನ ಮೊದಲನೇದರಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದ್ರು, ಎರಡೇ ವಾರಕ್ಕೆ ಒಂದು ಕಿಲೋ ಹತ್ತಿರ ಏರಿದ್ರು. ಕಾರ್ಬ್ಸ್ ಬಿಟ್ಟು ಆರೋಗ್ಯ ಸುಧಾರಿಸಿದ ಎಷ್ಟೋ ಜನ ನಿಜವಾಗಿ ಬಿಟ್ಟಿದ್ದು ಬಿಸ್ಕತ್ತು, ಕೇಕು, ಚಿಪ್ಸು, ಸಿಹಿ ಪಾನೀಯಗಳನ್ನ. ಗ್ಲುಟನ್ ಬಿಟ್ಟವರೂ ಬಹುಪಾಲು ಅದನ್ನೇ ಬಿಟ್ಟಿದ್ದು.

## ಶುಗರ್ ಇರೋರ ವಿಷಯ

ಕಾರ್ಬ್ಸ್ ಕಮ್ಮಿ ಮಾಡೋದಕ್ಕೆ ಗಟ್ಟಿ ಆಧಾರ ಇರೋದು ಟೈಪ್ 2 ಶುಗರ್ ಇರೋರಲ್ಲಿ. 23 ಪ್ರಯೋಗಗಳನ್ನ ಒಟ್ಟು ಮಾಡಿದ 2021ರ ವಿಶ್ಲೇಷಣೇಲಿ ಆರು ತಿಂಗಳಿಗೆ ಕಾರ್ಬ್ಸ್ ಕಮ್ಮಿ ಮಾಡಿದ ಗುಂಪಲ್ಲಿ ಸಕ್ಕರೆ ಹತೋಟಿಗೆ ಬಂದವರು ನೂರಕ್ಕೆ 57, ಬೇರೆ ಗುಂಪಲ್ಲಿ 31, ಆದ್ರೆ ವರ್ಷ ಕಳೆಯೋ ಹೊತ್ತಿಗೆ ಆ ಲಾಭ ಬಹಳ ಕಮ್ಮಿ ಆಗಿತ್ತು. ಮಾಡೋದಾದ್ರೆ ಡಾಕ್ಟರಿಗೆ ಹೇಳಿ ಮಾಡಬೇಕು, ಯಾಕಂದ್ರೆ ಇನ್ಸುಲಿನ್ ತಗೊಳ್ಳೋರು, ಇನ್ಸುಲಿನ್ ಹೆಚ್ಚಿಸೋ ಮಾತ್ರೆ ತಗೊಳ್ಳೋರು ಡೋಸ್ ಇಳಿಸದೇ ಕಾರ್ಬ್ಸ್ ಇಳಿಸಿದ್ರೆ ಸಕ್ಕರೆ ಅಪಾಯಕ್ಕೆ ಕುಸೀಬಹುದು, ಮೂತ್ರದಲ್ಲಿ ಸಕ್ಕರೆ ಹೊರಹಾಕೋ ಮಾತ್ರೆ ತಗೊಳ್ಳೋರಿಗೆ ಶುಗರ್ ಅಷ್ಟೊಂದು ಏರದೇ ಇದ್ರೂ ರಕ್ತ ಆಮ್ಲೀಯ ಆಗೋ ಅಪಾಯ ಇದೆ.

ಗ್ಲುಟನ್ನೂ ಕಾರ್ಬ್ಸೂ ನಿಜವಾಗಿ ಒಂದೇ ಮನುಷ್ಯನಲ್ಲಿ ಕೂಡೋ ಜಾಗ ಒಂದಿದೆ, ಅದು ದೇಹ ಇನ್ಸುಲಿನ್ ತಯಾರಿಸೋದನ್ನೇ ನಿಲ್ಲಿಸೋ ಟೈಪ್ 1 ಶುಗರ್. ಈ ಶುಗರ್ ಇರೋರಲ್ಲಿ, ಅದರಲ್ಲೂ ಮಕ್ಕಳಲ್ಲಿ, ಸೀಲಿಯಾಕ್ ಬೇರೆಯವರಿಗಿಂತ ಹಲವು ಪಟ್ಟು ಜಾಸ್ತಿ. ಕರುಳು ಸವೆದಿದ್ರೆ ತಿಂದ ಕಾರ್ಬ್ಸ್ ಯಾವಾಗ ಎಷ್ಟು ರಕ್ತಕ್ಕೆ ಬರತ್ತೆ ಅಂತ ಲೆಕ್ಕ ಸಿಗಲ್ಲ, ಲೆಕ್ಕ ಹಾಕಿ ಕೊಟ್ಟ ಇನ್ಸುಲಿನ್ ಜಾಸ್ತಿ ಆಗಿ ಕಾರಣವೇ ತಿಳಿಯದೆ ಮಗುವಿನ ಸಕ್ಕರೆ ಇಳಿದುಬಿಡತ್ತೆ. ಸೀಲಿಯಾಕ್ ಅಂತ ಗೊತ್ತಾದ ಮೇಲೆ ಗ್ಲುಟನ್ ಫ್ರೀ ಪ್ಯಾಕೆಟ್ ತಿಂಡಿಗೆ ಬದಲಾಯಿಸಿದ್ರೆ ಅದರಲ್ಲಿರೋ ನುಣ್ಣನೆ ಪಿಷ್ಟದಿಂದ ಸಕ್ಕರೆ ಒಮ್ಮೆಲೇ ಏರಬಹುದು, ಆಗ ಇನ್ಸುಲಿನ್ ಲೆಕ್ಕ ಮತ್ತೆ ಹೊಸದಾಗಿ ಹಾಕಬೇಕಾಗತ್ತೆ. ಟೈಪ್ 1 ಅಂತ ಗೊತ್ತಾದ ಕೂಡಲೇ ಒಂದು ಸಲ, ಆಮೇಲಿನ ವರ್ಷಗಳಲ್ಲೂ ಮತ್ತೆ ಮತ್ತೆ ಸೀಲಿಯಾಕ್ ಟೆಸ್ಟ್ ಮಾಡಿಸಿ, ಹೊಟ್ಟೆಯ ತೊಂದರೆ ಏನೂ ಇಲ್ಲದೇ ಇದ್ರೂ ಮಾಡಿಸಿ ಅಂತ ಡಾಕ್ಟರುಗಳ ಮಾರ್ಗಸೂಚಿಗಳು ಹೇಳೋದು ಇದಕ್ಕೇ.